ನಕಾಶೆಯ ಹೊರಗಿನ ಕರಡಿ

ಕರಡಿ ಎಲ್ಲಿಗೆ ಹೋಗುತ್ತದೆಂದು ಮೊದಲೇ ಹೇಳಬಲ್ಲೆನೆನ್ನುವ ಮನುಷ್ಯನನ್ನು ನಾನು ಮೊದಲ ಸಲ ನೋಡಿದ್ದು ಚಿಂಚೋಳಿಯ ಒಂದು ಸರಕಾರಿ ಬಂಗಲೆಯ ಜಗಲಿಯ ಮೇಲೆ. ಅವನು ಮೊಣಕಾಲೂರಿ ಕುಳಿತು, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟ ನಕಾಶೆಯ ಮೇಲೆ ಕೆಂಪು ಪೆನ್ಸಿಲಿನಿಂದ ವೃತ್ತ ಎಳೆಯುತ್ತಿದ್ದ. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ. ಮೈಸೂರು ಕಡೆಯವನು, ಕಾಲೇಜಿನಲ್ಲಿ ಪ್ರಾಣಿಗಳ ಬಗ್ಗೆ ಓದಿ, ಅದನ್ನೇ ಇನ್ನೊಬ್ಬರಿಗೆ ಓದಿಸುತ್ತಿದ್ದನಂತೆ. ಅವನ ಚಪ್ಪಲಿಯ ಬಾರು ಹರಿದು, ಅದಕ್ಕೆ ಪಿನ್ನು ಚುಚ್ಚಿಕೊಂಡಿದ್ದ. ಅದನ್ನು ನೋಡಿದೊಡನೆ ಈತನಿಗೆ ಏನೂ ತಿಳಿಯದು ಎಂದು ನಾನು ತೀರ್ಮಾನಿಸಿಬಿಟ್ಟೆ.

ಆಗ ನನ್ನ ಸ್ವಭಾವವೇ ಹಾಗಿತ್ತು. ನಾನು ಚಿತ್ತಾಪುರದ ದನದ ದವಾಖಾನೆಯಲ್ಲಿ ಕಂಪೌಂಡರ್. ಡಾಕ್ಟರುಗಳು ಬರುತ್ತಿದ್ದರು, ವರ್ಗ ಮಾಡಿಸಿಕೊಂಡು ಹೋಗುತ್ತಿದ್ದರು. ಹೋರಿಯ ಬೀಜ ಒಡೆಯುವುದು, ಎಮ್ಮೆಯ ಹೊಟ್ಟೆಯಿಂದ ಸತ್ತ ಕರು ತೆಗೆಯುವುದು, ಎತ್ತಿನ ಕೊಳೆತ ಗೊರಸು ಕೆತ್ತುವುದು ಎಲ್ಲ ನನ್ನ ಕೈಯಲ್ಲಿ. ಸಹಿ ಮಾತ್ರ ಅವರದು. ಹೀಗಾಗಿ ಓದಿದವರ ಬಗ್ಗೆ ನನಗೆ ತಿರಸ್ಕಾರ ಹುಟ್ಟಿತ್ತು. ಓದದವರ ಬಗ್ಗೆ ಮೊದಲಿನಿಂದಲೂ ಇತ್ತು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದು ಕೆಲವು ವರ್ಷಗಳಾಗಿದ್ದವು. ನಮ್ಮ ದವಾಖಾನೆಯ ಮೊಹರಿನಲ್ಲಿ ಮಾತ್ರ ಇನ್ನೂ ಮೈಸೂರು ಇತ್ತು. ಚಿಂಚೋಳಿ ಗುಡ್ಡಗಳ ಕರಡಿಗಳನ್ನು ನಮ್ಮ ಅಪ್ಪನ ಕಾಲದವರು ಹೊಡೆದು ಮುಗಿಸಿದ್ದರು. ಈಗ ಬಳ್ಳಾರಿ ಕಡೆಯ ಗುಡ್ಡಗಳಲ್ಲಿ ಶೇಂಗಾ ಹೊಲಕ್ಕೆ ನುಗ್ಗುತ್ತಿದ್ದ ಮೂರು ಕರಡಿಗಳನ್ನು ಹಿಡಿದಿದ್ದಾರೆ, ಅವನ್ನು ತಂದು ಇಲ್ಲಿ ಬಿಡುತ್ತಾರೆ, ಇನ್ನು ಮೇಲೆ ಇಲ್ಲಿ ಮತ್ತೆ ಕರಡಿ ಇರುತ್ತವೆ ಎಂಬ ಹುಕುಂ ಬಂದಿತ್ತು. ಕರಡಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ನಮ್ಮ ಡಾಕ್ಟರು ರಜೆ ಹಾಕಿದರು. ಹೀಗೆ ಕರೆ ನನಗೆ ಬಂತು.

ನನ್ನ ಕೆಲಸ ಸಣ್ಣದು. ಪಂಜರದಲ್ಲಿ ಮತ್ತಿನ ಸೂಜಿ ಚುಚ್ಚಿ, ಮುಂದೆ ಗುರುತು ಸಿಗಲೆಂದು ಕಿವಿಯ ಅಂಚು ಕತ್ತರಿಸುವುದು. ಗಂಡಿಗೆ ಎಡಗಿವಿ, ದೊಡ್ಡ ಹೆಣ್ಣಿಗೆ ಬಲಗಿವಿ, ಸಣ್ಣ ಹೆಣ್ಣಿಗೆ ಎರಡೂ. ಕುರಿಗಳ ಕಿವಿ ಕತ್ತರಿಸುವಂತೆ ಮೂರು ಮೂಲೆಯ ಚೂರು ತೆಗೆದೆ.

ಕೆಲಸ ಮುಗಿಸಿ ಜಗಲಿಗೆ ಬಂದಾಗ ಮೈಸೂರಿನವನು ವೃತ್ತಗಳನ್ನು ತೋರಿಸಿ ವಿವರಿಸುತ್ತಿದ್ದ. ಇಲ್ಲಿ ಬೇಸಗೆಯಲ್ಲೂ ಬತ್ತದ ನೀರು, ಇಲ್ಲಿ ಗವಿ, ಇಲ್ಲಿ ತಾನೇ ಎಣಿಸಿದ ಹುತ್ತಗಳು, ಇಲ್ಲಿ ಬೀಡಿ ಎಲೆಯ ಮರ, ಈಚಲು, ಅತ್ತಿ. ಕರಡಿಗಳು ಮೊದಲು ಗೊತ್ತುಗುರಿಯಿಲ್ಲದೆ ಅಲೆಯುತ್ತವೆ, ಆಮೇಲೆ ಈ ಮೂರು ಕಡೆ ಒಂದೊಂದಾಗಿ ನಿಲ್ಲುತ್ತವೆ.

ನಾನು ಕೇಳಿದೆ: "ಕರಡಿಗೆ ಈ ನಕಾಶಿ ತೋರಿಸೀರೇನ್ರಿ?"

ಸುತ್ತಲಿನ ಕಾವಲುಗಾರರು ನಕ್ಕರು. ಅವನು ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. "ಅದು ನೋಡದೇ ಇದ್ರೂ ಪರವಾಗಿಲ್ಲ ಸಾರ್. ಅದರ ಹೊಟ್ಟೆ ನೋಡುತ್ತೆ. ನಿಮ್ಮ ಪ್ರಕಾರ ಎಲ್ಲಿ ಹೋಗ್ತವೆ?"

"ಮೂರೂ ಮೂಡಲಕ್ಕ ಆಂಧ್ರದ ಕಾಡಿಗೆ ಹೋಗ್ತಾವ. ಬರದು ಇಟ್ಕೊಳ್ರಿ."

ಅವನು ನಿಜಕ್ಕೂ ಬರೆದುಕೊಂಡ. ಅದು ನನಗೆ ಅವಮಾನವೆನಿಸಿತು. ಈ ಕೆಲಸದ ಮೇಲಧಿಕಾರಿಯಾಗಿದ್ದ ಅರಣ್ಯ ಇಲಾಖೆಯ ಸಾಹೇಬರು ಕುರ್ಚಿಯಿಂದಲೇ ಹೇಳಿದರು: "ಏನ್ರೀ ಕಂಪೌಂಡರ್, ನಿಮ್ಮನ್ನ ಕಿವಿ ಕತ್ತರಸಾಕ ಕರೆಸೇವಿ. ತಲಿ ಓಡಸಾಕಲ್ಲ." ಸಾಹೇಬರು ಧಾರವಾಡ ಕಡೆಯವರು. ಕಾಡಿನ ಕೆಲಸಕ್ಕೆಂದು ಹೊಸ ಬೂಟು ತರಿಸಿದ್ದರು. ಅದಕ್ಕೆ ಕೆಸರು ತಾಗದಂತೆ ಇಬ್ಬರು ಅವರ ಮುಂದೆ ಕಲ್ಲು ಹಾಸುತ್ತ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮರುದಿನ ಬೆಳಿಗ್ಗೆ ಪಂಜರದ ಬಾಗಿಲು ಎತ್ತಿದರು. ಗಂಡು ಕರಡಿ ಹಿಂದೆ ಮುಂದೆ ನೋಡದೆ ಓಡಿತು. ಸಣ್ಣ ಹೆಣ್ಣು ಹೊರಗೇ ಬರಲೊಲ್ಲದು. ಕೊನೆಗೆ ಪಂಜರವನ್ನೇ ಓರೆ ಮಾಡಿ ಸುರಿದರು. ದೊಡ್ಡ ಹೆಣ್ಣು ಮಾತ್ರ ನಿಧಾನ ಇಳಿದು, ಹತ್ತು ಹೆಜ್ಜೆ ಹೋಗಿ, ಕುಳಿತು, ನಾನು ಕತ್ತರಿಸಿದ ಕಿವಿಯನ್ನು ಹಿಂಗಾಲಿನಿಂದ ಕೆರೆದುಕೊಂಡು, ನಮ್ಮ ಕಡೆ ತಿರುಗಿ ನೋಡದೆ ಗಿಡಗಳ ನಡುವೆ ಮಾಯವಾಯಿತು. ಸಾಹೇಬರು ಜೀಪಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. ಫೋಟೋದಲ್ಲಿ ಕರಡಿ ಇರಲಿಲ್ಲ.

ಮಳೆಗಾಲ ನಡೆಯಿತು. ವೃತ್ತಗಳಲ್ಲಿ ಕರಡಿ ಇವೆಯೆಂದು ಕಾವಲುಗಾರರು ವಾರ ವಾರ ಬರೆದು ಕೊಡುತ್ತಿದ್ದರು. ಆ ವರದಿಗಳನ್ನು ಅವರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕುಳಿತು ಬರೆಯುತ್ತಿದ್ದುದನ್ನು ಚಿಂಚೋಳಿಯಲ್ಲಿ ಎಲ್ಲರೂ ನೋಡಿದ್ದರು, ಸಾಹೇಬರ ಹೊರತು.

ಒಂದು ದಿನ ನನಗೆ ವಾಡಿಗೆ ಬರಲು ಹೇಳಿಕಳಿಸಿದರು. ರೈಲು ಹಳಿಯ ಪಕ್ಕ ಗಂಡು ಕರಡಿ ಸತ್ತು ಬಿದ್ದಿತ್ತು. ವಾಡಿ ಚಿಂಚೋಳಿಯ ತೆಂಕಲ ಕಡೆಗಿದೆ, ಅಲ್ಲಿಂದ ನೇರ ತೆಂಕಲಿಗೆ ನಡೆದರೆ ಬಳ್ಳಾರಿ ಸೀಮೆ. ಅದು ಊರಿಗೆ ಹೊರಟಿತ್ತು, ಅಷ್ಟೇ. ನಾನು ಕೂತು ಎಡಗಿವಿ ನೋಡಿದೆ. ನನ್ನ ಕತ್ತರಿಯ ಗುರುತು ನನಗೆ ಗೊತ್ತಾಗದೆ ಇದ್ದೀತೇ?

ಸಾಹೇಬರು ಮೂಗಿಗೆ ಕರ್ಚೀಫು ಹಿಡಿದು ದೂರದಿಂದಲೇ ಕೇಳಿದರು: "ಆ ಕಿವಿ ನಾಯಿ ಕಚ್ಚಿದ್ದಿರಬೇಕು, ಅಲ್ರೀ?"

ನಾನು ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡೆ. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವರಿಗೆ ಅಷ್ಟೇ ಸಾಕಾಗಿತ್ತು. ಬೇರೆ ಎಲ್ಲಿಂದಲೋ ಬಂದ ಕರಡಿ ಎಂದು ಬರೆದು ಹೂಳಿಸಿದರು. ಚಿತ್ತಾಪುರಕ್ಕೆ ಹಿಂತಿರುಗುವಾಗ ರೈಲಿನಲ್ಲಿ ಸಾಹೇಬರನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದೆ. ಆ ಬೈಗುಳದಲ್ಲಿ ನನ್ನ ಪಾಲು ಎಷ್ಟೆಂದು ಯೋಚಿಸಲಿಲ್ಲ.

ಭಾದ್ರಪದ ಮುಗಿಯುವ ಹೊತ್ತಿಗೆ ಭಂಕೂರದ ಕಲ್ಲು ಖಣಿಯ ಮೇಸ್ತ್ರಿ ತನ್ನ ಮೇಕೆ ಹಿಡಿದುಕೊಂಡು ದವಾಖಾನೆಗೆ ಬಂದ. ಮುಸಲ್ಮಾನರ ಮುದುಕ, ನಾಲ್ಕು ತಲೆಮಾರಿನಿಂದ ಅವನ ಮನೆಯವರು ನೆಲಕ್ಕೆ ಹಾಸುವ ಶಹಾಬಾದದ ಫರಸಿ ಕಲ್ಲು ಎಬ್ಬಿಸುವವರು. ಮೇಕೆಗೆ ಏನೂ ಆಗಿರಲಿಲ್ಲ.

"ಮೇಕಿ ನೆವಾರಿ," ಎಂದ ಮೆಲ್ಲಗೆ. "ನಮ್ಮ ಹಳೀ ಖಣ್ಯಾಗ ಒಂದು ಜನಾವರ ಬಂದು ಕುಂತಾದ. ಕರ್ರಗ ಅದ, ಕೂದಲ ಭಾಳ. ಮಂದಿಗಿ ಹೇಳಿದ್ರ ಬಡಿಗಿ ತಗೊಂಡು ಹೊಡಿಲಿಕ್ಕ ಹೋಗ್ತಾರ. ನೀವು ಜನಾವರದ ಡಾಕ್ಟರ್ ಅದೀರಿ, ನೋಡ್ರಿ ಒಮ್ಮಿ."

ಡಾಕ್ಟರ್ ಎಂದನಲ್ಲ, ಅದಕ್ಕೇ ಹೋದೆ.

ಆ ಹಳೆಯ ಖಣಿಯಲ್ಲಿ ಕೆಲಸ ನಿಂತು ಬಹಳ ಕಾಲವಾಗಿತ್ತು. ತಗ್ಗಿನಲ್ಲಿ ಮಳೆ ನೀರು ನಿಂತು ಹೊಂಡವಾಗಿತ್ತು. ದಂಡೆಯಲ್ಲಿ ಒಡೆದ ಫರಸಿಗಳ ದೊಡ್ಡ ರಾಶಿಗಳು. ಕಲ್ಲಿನ ಮೇಲೆ ಕಲ್ಲು ಬಿದ್ದು ಒಳಗೆ ಮನುಷ್ಯ ನುಸುಳುವಷ್ಟು ಸಂದುಗಳಾಗಿದ್ದವು. ಸುತ್ತ ಬಾರಿ ಎಂಬ ಎಲಚಿ ಗಿಡ, ಈಚಲು, ಕಪ್ಪು ಎರೆಮಣ್ಣಿನ ಬದುಗಳ ಮೇಲೆ ಹುತ್ತ. ಕೂಗಿದರೆ ಕೇಳುವಷ್ಟು ದೂರದಲ್ಲಿ ಹೊಸ ಖಣಿಯ ಸುತ್ತಿಗೆಗಳು ಟಣ್ ಟಣ್ ಎನ್ನುತ್ತಿದ್ದವು. ಮೇಸ್ತ್ರಿ ಬೆರಳು ತೋರಿಸಿದ. ರಾಶಿಯ ನೆರಳಿನಲ್ಲಿ ಕರಡಿ ಹೊಟ್ಟೆಯನ್ನು ತಣ್ಣನೆಯ ಫರಸಿಗೆ ಅಂಟಿಸಿ ಮಲಗಿತ್ತು. ಬಲಗಿವಿಯ ಅಂಚಿನಲ್ಲಿ ಮೂರು ಮೂಲೆಯ ಕಚ್ಚು. ದೊಡ್ಡ ಹೆಣ್ಣು.

"ಇಲ್ಲಿಗ್ಯಾಕ ಬಂತು ಇದು?" ಎಂದೆ.

"ತಂಪದ, ನೀರದ, ಗೆದ್ದಲದ. ಮತ್ತೇನ್ ಬೇಕ್ರಿ?" ಎಂದ ಮೇಸ್ತ್ರಿ.

ಯೋಚಿಸಿದರೆ ಮೈಸೂರಿನವನು ನಕಾಶೆಯ ಮೇಲೆ ಎಣಿಸಿದ್ದೆಲ್ಲ ಅಲ್ಲಿತ್ತು. ಮನುಷ್ಯರೂ ಇದ್ದರು, ಅದೊಂದನ್ನು ಮಾತ್ರ ಅವನು ಎಣಿಸಿರಲಿಲ್ಲ. ನಾನು ಹೇಳಿದ ಆಂಧ್ರದ ಕಾಡು ಇನ್ನೊಂದು ದಿಕ್ಕಿಗಿತ್ತು. ಅದನ್ನು ಆ ಹೊತ್ತಿಗೆ ಮರೆತೆ. ಮೈಸೂರಿನವನ ತಪ್ಪನ್ನಷ್ಟೇ ಜ್ಞಾಪಕವಿಟ್ಟುಕೊಂಡು ಖುಷಿಯಿಂದ ಸಾಹೇಬರ ಬಳಿ ಹೋದೆ.

ಸಾಹೇಬರು ನನ್ನನ್ನು ಮೊಟ್ಟಮೊದಲ ಸಲ ಕುರ್ಚಿಯಲ್ಲಿ ಕೂಡಿಸಿದರು. ಕಪ್-ಬಸಿಯಲ್ಲಿ ಚಹಾ ತರಿಸಿದರು. ಎಲ್ಲ ಕೇಳಿ, ಬಾಗಿಲು ಮುಂದೆ ಮಾಡಿ ಹೇಳಿದರು: "ಮೂರೂ ಕರಡಿ ವೃತ್ತದಾಗ ಅದಾವು ಅಂತ ನಾ ಆಗಲೇ ಮ್ಯಾಲ ಬರದೇನಿ. ಆ ಮೈಸೂರಿನಾವ ಮುಂದಿನ ವಾರ ನೋಡಾಕ ಬರ್ತಾನ. ಕರಡಿ ಅಲ್ಲೇ ಇರಲಿ. ಅದರ ಲದ್ದಿ ಇಲ್ಲಿಗೆ ಬರಲಿ. ಇದು ನಿಮ್ಮಂಥಾ ತಿಳಿದವರಿಂದನೇ ಆಗೂ ಕೆಲಸ."

ನನಗೆ ಅವರು ಬೇರೇನನ್ನೂ ಕೊಡಲಿಲ್ಲ, ಕೊಡುತ್ತೇನೆಂದು ಹೇಳಲೂ ಇಲ್ಲ. ಒಂದು ಕುರ್ಚಿ, ಒಂದು ಕಪ್ ಚಹಾ, ತಿಳಿದವರು ಎಂಬ ಒಂದು ಮಾತು. ಅಷ್ಟಕ್ಕೆ ನಾನು ಬಿದ್ದೆ. ಲೋಕವನ್ನೆಲ್ಲ ಕಾಲಕಸವಾಗಿ ಕಾಣುತ್ತಿದ್ದವನ ಬೆಲೆ ಇಷ್ಟಿತ್ತು.

ಖಣಿಗೆ ಹೋಗಿ ಲದ್ದಿ ಹೆಕ್ಕಿ ಮನೆಗೆ ತಂದೆ. ಹೆಂಡತಿ ಹಿಟ್ಟಿನ ಡಬ್ಬಿಗಾಗಿ ಅಡಿಗೆ ಮನೆಯಲ್ಲೆಲ್ಲ ಹುಡುಕಿ, ಅದನ್ನು ನನ್ನ ಸೈಕಲ್ಲಿನ ಮೇಲೆ ಕಂಡು, ಮುಚ್ಚಳ ತೆಗೆದಳು.

"ಏನ್ರಿ ಇದು?"

"ಕರಡಿದು. ಸರಕಾರಿ ಕೆಲಸ."

ಅವಳು ಮುಚ್ಚಳ ಹಾಕಿ ಡಬ್ಬಿಯನ್ನು ಇದ್ದಲ್ಲೇ ಇಟ್ಟಳು. "ನೀವು ದನದ ಸಗಣಿ ಬಳದು ಬಂದ್ರೂ ಇಷ್ಟು ದಿನ ಏನೂ ಅಂದಿಲ್ಲ ನಾ. ಆದ್ರ ಇದು ಯಾಕೋ ಸರಿ ಕಾಣಂಗಿಲ್ಲ ನೋಡ್ರಿ," ಎಂದಳು. ನನಗೆ ಸಿಟ್ಟು ಬಂದು ಬಾಯಿ ಮುಚ್ಚು ಎಂದೆ.

ಚಿಂಚೋಳಿಯ ಕಣಿವೆಯಲ್ಲಿ, ವೃತ್ತದ ಸರಿಯಾಗಿ ನಡುವೆ, ಹಳ್ಳದ ದಂಡೆಯ ಮೇಲೆ ಲದ್ದಿಯನ್ನು ಮೂರು ಕಡೆ ಚೆಲ್ಲಿದೆ. ಕಾವಲುಗಾರನೊಬ್ಬ ಮೈಸೂರಿನವನನ್ನು ಅಲ್ಲಿಗೆ ನಡೆಸಿಕೊಂಡು ಬಂದ. ಸಾಹೇಬರ ಜೊತೆ ನಾನೂ ಹಿಂದೆ ಇದ್ದೆ. ಲದ್ದಿ ಕಂಡು ಮೈಸೂರಿನವನ ಮುಖ ಅರಳಿತು. ಕುಕ್ಕರಗಾಲಲ್ಲಿ ಕೂತು, ಒಂದು ಗುಪ್ಪೆಯನ್ನು ಕೈಯಲ್ಲೇ ಎತ್ತಿ ಒಡೆದ. ಕರಡಿ ಗೆದ್ದಲು ಹೀರುವಾಗ ಮಣ್ಣನ್ನೂ ನುಂಗುತ್ತದೆ; ಅದು ಲದ್ದಿಯಲ್ಲಿ ಹಾಗೇ ಬರುತ್ತದೆ. ಅವನು ಅಂಗೈಗೆ ಸ್ವಲ್ಪ ನೀರು ಹಾಕಿ ತಿಕ್ಕಿದ. ಅಂಗೈ ಕಪ್ಪಾಯಿತು. ಆಮೇಲೆ ತಾನು ಕೂತ ನೆಲ ನೋಡಿದ. ಚಿಂಚೋಳಿ ಗುಡ್ಡದ ಮಣ್ಣು ಇಟ್ಟಿಗೆಯಷ್ಟು ಕೆಂಪು.

"ಇದು ಇಲ್ಲಿ ಮಣ್ಣಲ್ಲ," ಎಂದ.

ಸಾಹೇಬರು ಹಿಂದಿನಿಂದ ಗದರಿದರು: "ಕರಡಿಗೆ ಮಣ್ಣಿನ ಬಣ್ಣ ಗೊತ್ತಾಗತೈತೇನ್ರೀ?"

"ಅದಕ್ಕೆ ಗೊತ್ತಾಗಲ್ಲ ಸಾರ್. ನಮಗೆ ಗೊತ್ತಾಗುತ್ತೆ."

ಅವನು ಕೈ ತೊಳೆದುಕೊಂಡ. ಸಾಹೇಬರು ಜೀಪಿನ ಕಡೆ ನಡೆದ ಮೇಲೆ ನನ್ನ ಪಕ್ಕಕ್ಕೆ ಬಂದು ಕೇಳಿದ: "ಎಲ್ಲಿಂದ ತಂದ್ರಿ?" ನಾನೇ ತಂದೆನೆಂದು ಹೇಗೆ ತಿಳಿಯಿತೋ ಗೊತ್ತಿಲ್ಲ. ಬಹುಶಃ ಎಲ್ಲರೂ ಲದ್ದಿ ನೋಡುವಾಗ ನಾನೊಬ್ಬ ಅವನ ಮುಖ ನೋಡುತ್ತಿದ್ದೆ. ಸುಳ್ಳು ಹೇಳಲು ಬಾಯಿ ತೆರೆದೆ. ಬಂದದ್ದು "ಭಂಕೂರ" ಎಂದು.

"ಅಂದ್ರೆ ಅಲ್ಲಿ ಕರಡಿ ಇದೆ!" ಎಂದ. ಸಿಟ್ಟಾಗುತ್ತಾನೆಂದು ಕಾದಿದ್ದೆ. ಅವನ ಮುಖ ಮೊದಲಿಗಿಂತ ಹೆಚ್ಚು ಅರಳಿತ್ತು. "ನಾಳೆ ಕರ್ಕೊಂಡು ಹೋಗ್ತೀರಾ?"

ಮರುದಿನ ಇಡೀ ಹಗಲು ನಾವಿಬ್ಬರೂ ಮೇಸ್ತ್ರಿಯೊಡನೆ ಖಣಿಯ ದಂಡೆಯಲ್ಲಿ ಮಲಗಿದ್ದೆವು. ಅವನು ದುರ್ಬೀನು ಕೆಳಗಿಡಲಿಲ್ಲ. ಕರಡಿಯ ಹೊಟ್ಟೆ ನೋಡಿ, ಹಿಡಿಯುವ ಮೊದಲೇ ಗಬ್ಬವಾಗಿತ್ತು, ಚಳಿಗಾಲಕ್ಕೆ ಮರಿ ಹಾಕುತ್ತದೆ ಎಂದ. ನಕಾಶೆ ಬಿಡಿಸಿ ತನ್ನ ಮೂರೂ ವೃತ್ತಗಳ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ತಪ್ಪು ಎಂದು ಬರೆದ. ತನ್ನ ತಪ್ಪು ತನ್ನ ಕೈಯಿಂದ, ಅದೂ ಸಂತೋಷದಿಂದ ಬರೆದ ಮನುಷ್ಯನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆ ಸಂತೋಷ ನನಗೆ ಸಹಿಸಲಾಗಲಿಲ್ಲ. ಎಂಥ ಹುಚ್ಚ ಎಂದುಕೊಂಡೆ.

ಹೋಗುವ ಮುಂಚೆ ಅವನು ಮೇಸ್ತ್ರಿಗೆ ಆ ರಾಶಿಯ ಕಲ್ಲು ಯಾರೂ ಮುಟ್ಟದಂತೆ ನೋಡಿಕೊಳ್ಳಲು ಹೇಳಿದ. ಮೇಸ್ತ್ರಿ ದಾರಿಗೆ ಮುಳ್ಳು ಕಡಿದು ಹಾಕಿದ. ಮೈಸೂರಿನವನು ಸಾಹೇಬರಿಗೆ ಉದ್ದನೆಯ ಕಾಗದ ಬರೆದ: ಕರಡಿ ಭಂಕೂರದಲ್ಲಿದೆ, ಮರಿ ಹಾಕಲಿದೆ, ಸುತ್ತಲಿನ ಊರುಗಳಿಗೆ ತಿಳಿಸಬೇಕು. ಸಾಹೇಬರು ಅದನ್ನು ಫೈಲಿಗೆ ಸೇರಿಸಿ, ತಾವು ಮೊದಲು ಬರೆದಿದ್ದನ್ನೇ ಇನ್ನೊಮ್ಮೆ ಬರೆದರು. ನಾನು ತಂದ ಲದ್ದಿಯೇ ಆಧಾರ. ಕೆಳಗೆ ನನ್ನ ಸಹಿ ಬೇಕೆಂದರು. ಹಾಕಿದೆ. ಮೈಸೂರಿನವನ ಮುಂದೆ ನಿಜ ಒಪ್ಪಿಕೊಂಡ ಬಾಯಿ, ಸಾಹೇಬರ ಮುಂದೆ ಮತ್ತೆ ಮುಚ್ಚಿಕೊಂಡಿತ್ತು. ನಮ್ಮಲ್ಲಿ ಕರಡಿ ಬಂದಿದೆಯೆಂದು ಭಂಕೂರದವರು ಅರ್ಜಿ ಕೊಟ್ಟಾಗ ಮೊಹರು ಒತ್ತಿದ ಉತ್ತರ ಬಂತು: ಸದರಿ ಭಾಗದಲ್ಲಿ ಕರಡಿ ಇರುವುದಿಲ್ಲ. ಅದನ್ನು ಪಂಚಾಯಿತಿ ಗೋಡೆಗೆ ಅಂಟಿಸಿದರು.

ಸಂಕ್ರಾಂತಿಯ ಆಸುಪಾಸು. ದನಗಳಿಗೆ ಲಸಿಕೆ ಹಾಕಲು ನಾನು ಭಂಕೂರದಲ್ಲಿದ್ದೆ. ಊಟದ ಹೊತ್ತಿಗೆ ನಾಲ್ಕು ಜನ ಒಬ್ಬ ಹೆಂಗಸನ್ನು ಹಗ್ಗದ ಮಂಚದ ಮೇಲೆ ಹೊತ್ತು ತಂದು ನನ್ನ ಮುಂದೆ ಇಳಿಸಿದರು, ನನ್ನ ಹತ್ತಿರ ಔಷಧಿಯ ಚೀಲ ಇತ್ತೆಂದು. ಪಕ್ಕದ ಊರಿನವಳು, ನಲವತ್ತರ ಹೆಣ್ಣುಮಗಳು, ಬಾರಿ ಹಣ್ಣು ಆರಿಸಲು ಖಣಿಗೆ ಇಳಿದಿದ್ದಳು. ಬಲಗೈ ಮೊಣಕೈಯಿಂದ ಬೆರಳಿನವರೆಗೆ ಹರಿದಿತ್ತು. ಕೆಂಪು ಪುಡಿಯ ನೀರಿನಿಂದ ತೊಳೆದು, ಬಟ್ಟೆ ಬಿಗಿದು ಕಟ್ಟಿದೆ. ಫರಸಿ ತುಂಬಿದ ಲಾರಿಯೊಂದು ಶಹಾಬಾದಕ್ಕೆ ಹೊರಟಿತ್ತು, ಅದನ್ನು ನಿಲ್ಲಿಸಿದರು.

ಅವಳು ಅಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. "ಯಪ್ಪಾ, ಅದು ಕರಡಿನೇ ಹೌದಲ್ರಿ?"

"ಕರಡಿನೇ, ಯವ್ವಾ."

"ಇಲ್ಲ ಅಂತ ಗ್ವಾಡಿಗಿ ಬರದು ಹಚ್ಚ್ಯಾರಲ್ರಿ. ಮುಳ್ಳು ಕಂಡ್ರೂ ಅದಕ್ಕೇ ದಾಟಿದೆ. ಯಾರ್ರಿ ಬರದವರು?"

ನಾನು ಬಟ್ಟೆಯ ಗಂಟನ್ನು ಇನ್ನೊಮ್ಮೆ ಬಿಗಿದೆ. ಅದು ಮೊದಲೇ ಬಿಗಿಯಾಗಿತ್ತು.

ಆ ಸಂಜೆ ಮನೆಗೆ ಬಂದವನೇ ಎರಡು ಹಾಳೆ ಬರೆದೆ. ವಾಡಿಯ ಎಡಗಿವಿ, ಹಿಟ್ಟಿನ ಡಬ್ಬಿ, ಹಳ್ಳದ ದಂಡೆ, ನನ್ನ ಸಹಿ, ಏನನ್ನೂ ಬಿಡಲಿಲ್ಲ. ಹೆಂಡತಿ ಓದಿಸಿ ಕೇಳಿದಳು. "ಇಷ್ಟು ಆಗಲೇ ಬರೀಲಿಕ್ಕೆ ಏನಾಗಿತ್ತು ನಿಮಗ?" ಎಂದಳು. ಒಂದು ಪ್ರತಿ ಸಾಹೇಬರ ಮೇಲಿನವರಿಗೆ, ಇನ್ನೊಂದು ಮೈಸೂರಿನವನಿಗೆ ಕಳಿಸಿದೆ.

ಮೇಲಿನವರಿಂದ ಉತ್ತರ ಬಂತು. ದನದ ದವಾಖಾನೆಯ ನೌಕರನು ಅನುಮತಿಯಿಲ್ಲದೆ ಕಾಡುಪ್ರಾಣಿಯ ಲದ್ದಿ ಸಾಗಿಸಿದ್ದು ಏಕೆಂದು ವಿವರಣೆ ಕೇಳಿದ್ದರು. ವಿವರಣೆ ಕೊಟ್ಟೆ. ನನ್ನನ್ನು ಸೇಡಂ ತಾಲೂಕಿನ ಕುರಕುಂಟಾಕ್ಕೆ ಹಾಕಿದರು. ಸಾಹೇಬರು ಅದೇ ಬೇಸಗೆಯಲ್ಲಿ ಇನ್ನೂ ದೊಡ್ಡ ಕುರ್ಚಿಗೆ ಹೋದರು. ಬೀಳ್ಕೊಡುಗೆಯಲ್ಲಿ ಅವರಿಗೆ ಕಟ್ಟಿಗೆಯ ಕರಡಿಯೊಂದನ್ನು ಕಾಣಿಕೆ ಕೊಟ್ಟರಂತೆ. ಅದನ್ನು ಕೇಳಿ ನನಗೆ ನಗು ಬರಲಿಲ್ಲ, ಉಗುಳಬೇಕೆನಿಸಿತು.

ಕುರಕುಂಟಾಕ್ಕೆ ಹೋಗುವ ಮುಂಚೆ ಆ ಹೆಂಗಸಿನ ಮನೆಗೆ ಹೋದೆ. ಮೂರು ಬೆರಳು ಮಡಚುತ್ತಿರಲಿಲ್ಲ. ಎಡಗೈಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಗೋಡೆಯ ಕಾಗದಕ್ಕೆ ಆಧಾರವಾದದ್ದು ನನ್ನ ಸಹಿ ಎಂದು ಹೇಳಿದೆ. ಅವಳು ಮೊರದಲ್ಲಿನ ಕಲ್ಲೊಂದನ್ನು ಆರಿಸಿ ಎಸೆದಳು. ಕುಂದ್ರಿ ಎನ್ನಲಿಲ್ಲ. ಆಮೇಲೆ ಹೇಳಿದಳು: "ನಮ್ಮೂರಾಗ ಎಲ್ಲಾರೂ ಗ್ವಾಡಿ ಕಾಗದ ನಂಬಿ ನಾಯಿ ಕಡದಾದ ಅಂತ ನಗ್ಲಿಕತ್ತಾರ. ಕರಡಿ ಅಂತ ಒಂದು ಕಾಗದ ಬರದು ಕೊಡ್ರಿ. ಮೊಹರು ಹಾಕಿ ಕೊಡ್ರಿ."

ದವಾಖಾನೆಗೆ ಹಿಂತಿರುಗಿ ದನದ ಆರೋಗ್ಯದ ಹಾಳೆಯ ಮೇಲೆ ಬರೆದೆ: ಈಕೆಯ ಬಲಗೈಗೆ ಗಾಯ ಮಾಡಿದ್ದು ಕರಡಿ, ಬಲಗಿವಿ ಕತ್ತರಿಸಿದ್ದು, ನಾನು ಕಂಡು ಬಲ್ಲೆ. ಮೊಹರು ಒತ್ತಿ ಅವಳಿಗೆ ಮುಟ್ಟಿಸಿದೆ. ಆ ಹಾಳೆಗೆ ಯಾವ ಬೆಲೆಯೂ ಇಲ್ಲವೆಂದು ನನಗೆ ಗೊತ್ತಿತ್ತು. ನನ್ನ ನೌಕರಿಯಲ್ಲಿ ನಾಚಿಕೆಪಡಬೇಕಾಗದೆ ಸಹಿ ಹಾಕಿದ ಕಾಗದ ಅದೊಂದೇ.

ಮುಂದಿನ ಮಳೆ ಬೀಳುತ್ತಲೇ ಕರಡಿ ಖಣಿ ಬಿಟ್ಟಿತು. ಎರಡು ಮರಿಗಳನ್ನು ಬೆನ್ನ ಮೇಲೆ ಹೊತ್ತು ಹೊಂಡದ ದಂಡೆಯಲ್ಲಿ ಹೋಗುವುದನ್ನು ಮೇಸ್ತ್ರಿ ಕಂಡದ್ದೇ ಕೊನೆ. ಎರಡೂ ಕಿವಿ ಕತ್ತರಿಸಿದ ಸಣ್ಣ ಹೆಣ್ಣಿನ ಸುದ್ದಿಯಂತೂ ಯಾರಿಗೂ ತಿಳಿಯಲಿಲ್ಲ. ಮೈಸೂರಿನವನು ಸ್ವಂತ ರಜೆ ಹಾಕಿ ಬಂದ. ನಾನೂ ರಜೆ ಹಾಕಿದೆ. ಕಾಗಿಣಾ ನದಿಯ ದಂಡೆ ಹಿಡಿದು ಮೂರು ದಿನ ನಡೆದೆವು. ಕೆಸರಿನಲ್ಲಿ ಒಂದು ಕಡೆ ದೊಡ್ಡ ಹೆಜ್ಜೆ, ಪಕ್ಕದಲ್ಲಿ ಅಂಗೈಗಿಂತ ಸಣ್ಣ ಹೆಜ್ಜೆಗಳು ಸಿಕ್ಕವು. ಮರಿಗಳು ಕೆಳಗಿಳಿದು ನಡೆದಿದ್ದವು. ಅಲ್ಲಿಂದ ಮುಂದೆ ಬರೀ ಹಾಸುಬಂಡೆ. ಹೆಜ್ಜೆ ಮೂಡುವ ನೆಲವಲ್ಲ.

ಅವನು ಬಂಡೆಯ ಮೇಲೆ ಕೂತು ಕೇಳಿದ: "ನಿಮಗೇನನ್ಸುತ್ತೆ ಸಾರ್, ಯಾವ ಕಡೆ ಹೋಗಿರಬಹುದು?"

ನಾನು ನದಿಯ ಆಚೆ ನೋಡಿದೆ, ಈಚೆ ನೋಡಿದೆ. "ನನಗ ತಿಳಿವಲ್ದು," ಎಂದೆ.

ಅವನು ಪುಸ್ತಕ ತೆಗೆದು, ಹೆಜ್ಜೆಗಳ ಅಳತೆ ಬರೆದು, ಅದರ ಕೆಳಗೆ ಇಬ್ಬರಿಗೂ ಗೊತ್ತಿಲ್ಲ ಎಂದು ಬರೆದ. ಬುತ್ತಿ ಬಿಚ್ಚಿ ರೊಟ್ಟಿ ತಿಂದೆವು. ಸೇಡಂ ಬಸ್ಸಿಗಾಗಿ ರಸ್ತೆಗೆ ಬರುವ ಹೊತ್ತಿಗೆ ಅದು ಹೋಗಿಬಿಟ್ಟಿತ್ತು. ಇನ್ನೊಂದು ಬಸ್ಸು ಯಾವಾಗಲೆಂದು ಅವನು ಕೇಳಲಿಲ್ಲ. ಚೀಲ ಹೆಗಲಿಗೇರಿಸಿ ನಡೆಯತೊಡಗಿದ. ನಾನೂ ಅವನ ಜೊತೆಗೆ ನಡೆದೆ.